ಐದು ಸೀಮೆಗೆ ಒಂದೇ ಉಪ್ಪಿನ ದಾರಿ

ಶಿಷ್ಯನೊಬ್ಬ ಗುರುಗಳನ್ನು ಕೇಳಿದ: "ಗುರುಗಳೇ, ನೂರಾರು ದೇಶದವರು ಒಂದೆಡೆ ಸಭೆ ಸೇರಿ, ಇನ್ನು ಮುಂದೆ ಎಲ್ಲರೂ ಕೂಡಿ ನಡೆಯುತ್ತೇವೆ ಎಂದು ರುಜು ಹಾಕಿದರಂತೆ. ಪತ್ರಿಕೆಯಲ್ಲಿ ಬಂದಿದೆ. ಒಬ್ಬರ ಕೈ ಒಬ್ಬರು ಹಿಡಿದು ನಿಂತ ಚಿತ್ರವೂ ಇದೆ. ಹೀಗೆ ಕೂಡಿ ಕೊಟ್ಟ ಮಾತಿಗೆ ಬೆಲೆ ಉಂಟೇ?"

ಗುರುಗಳು ಪತ್ರಿಕೆಯನ್ನು ಇಸಿದುಕೊಂಡು ಚಿತ್ರವನ್ನು ನೋಡಿದರು. "ಎಲ್ಲರೂ ನಗುತ್ತಿದ್ದಾರೆ. ಊಟ ಚೆನ್ನಾಗಿದ್ದಿರಬೇಕು" ಎಂದರು. ಆಮೇಲೆ ಈ ಕತೆ ಹೇಳಿದರು.

ಘಟ್ಟದ ಮೇಲೆ ಐದು ಸೀಮೆಗಳಿದ್ದವು. ಐದಕ್ಕೂ ಐವರು ದೊರೆಗಳು. ಒಬ್ಬೊಬ್ಬ ದೊರೆಗೂ ಒಂದು ಕೋಟೆ, ಒಂದು ಆನೆ, ಉದ್ದನೆಯದೊಂದು ಬಿರುದು. ಅವುಗಳಲ್ಲಿ ತೀರ ಚಿಕ್ಕ ಸೀಮೆ ಅಂಕನಾಡು. ಅಲ್ಲಿನ ಕೋಟೆ ಕುಳ್ಳಗಿತ್ತು, ಆನೆ ಮುದಿಯಾಗಿತ್ತು. ಬಿರುದು ಮಾತ್ರ ಎಲ್ಲರದಕ್ಕಿಂತ ಉದ್ದವಾಗಿತ್ತು.

ಐದು ಸೀಮೆಗಳಲ್ಲಿ ಬೇಕಾದದ್ದೆಲ್ಲ ಬೆಳೆಯುತ್ತಿತ್ತು. ಉಪ್ಪೊಂದು ಬೆಳೆಯುತ್ತಿರಲಿಲ್ಲ. ಅದು ಕಡಲ ಕಡೆಯಿಂದ ಎತ್ತುಗಳ ಬೆನ್ನೇರಿ, ಘಟ್ಟದ ಒಂದೇ ಒಂದು ಕಣಿವೆ ದಾರಿಯಲ್ಲಿ ಹತ್ತಿ ಬರಬೇಕಿತ್ತು. ಒಂದು ಭಾದ್ರಪದದಲ್ಲಿ ಗುಡ್ಡ ಜರಿಯಿತು. ದಾರಿ ಮುಚ್ಚಿಹೋಯಿತು. ಉಪ್ಪಿನ ಹೇರು ಹೊತ್ತ ಎತ್ತುಗಳು ಆಚೆಗೇ ನಿಂತವು.

ಸುದ್ದಿ ಬಂದ ದಿನ ಅಂಕನಾಡಿನ ದೊರೆ ಬಿಲ್ಲಪ್ಪ ನಾಯಕ ತನ್ನ ರಾಯಸದ ಕೇತಣ್ಣನನ್ನು ಕರೆಸಿದ. ಕೇತಣ್ಣ ನಲವತ್ತು ವರ್ಷದಿಂದ ದೊರೆಯ ಪತ್ರಗಳನ್ನು ಬರೆಯುತ್ತಿದ್ದವನು. ಅವನಷ್ಟು ಚೆಂದವಾಗಿ ಬರೆಯುವವರು ಐದು ಸೀಮೆಯಲ್ಲೂ ಇರಲಿಲ್ಲ. ಕೊಡುವುದಿಲ್ಲ ಎಂದು ಅವನು ಬರೆದರೂ ಓದಿದವರು ಕೊಟ್ಟಷ್ಟೇ ಸಂತೋಷಪಡುತ್ತಿದ್ದರು.

"ನಾಳೆಯೇ ಆಳು ಕಳಿಸೋಣವೇ, ಬುದ್ಧಿ?" ಎಂದು ಕೇತಣ್ಣ ಕೇಳಿದ.

"ಕಳಿಸಬಹುದು" ಎಂದ ದೊರೆ. "ನಮ್ಮ ಆಳು ಹೋಗಿ ಅಗೆದರೆ ದಾರಿ ತೆರೆಯುತ್ತದೆ. ತೆರೆದ ದಾರಿಯಲ್ಲಿ ಬಂದ ಉಪ್ಪು ಯಾರ ಮನೆಗೆ ಹೋಗುತ್ತದೆ?"

"ನಮ್ಮ ಮನೆಗೆ."

"ಪಕ್ಕದ ಸೀಮೆಯ ಹಿರಿಗೋಡಿನವರ ಮನೆಗೆ?"

"ಅವರ ಮನೆಗೂ."

"ನೋಡಿದೆಯಾ? ಬೆವರು ನಮ್ಮದು, ರುಚಿ ಅವರದು. ಅವರೇ ಅಗೆಯಲಿ. ನಾವು ತಾಳ್ಮೆಯಿಂದ ಇರೋಣ."

ಉಳಿದ ನಾಲ್ಕು ಕೋಟೆಗಳಲ್ಲೂ ಅದೇ ದಿನ ಅದೇ ತಾಳ್ಮೆ ಹುಟ್ಟಿತು.

ತಿಂಗಳು ಕಳೆಯುವುದರೊಳಗೆ ಉಪ್ಪು ತೀರುತ್ತ ಬಂತು. ಹೊಸದಾಗಿ ಹಾಕಿದ ಉಪ್ಪಿನಕಾಯಿ ಬೂಸಲು ಹಿಡಿಯಿತು. ದನಗಳು ಗೋಡೆ ನೆಕ್ಕತೊಡಗಿದವು. ಅರಮನೆಯಲ್ಲಿ ಅಡಿಗೆಯವನು ಕೈ ರುಚಿ ಕಳೆದುಕೊಂಡನೆಂದು ಅವನನ್ನು ತೆಗೆದು ಇನ್ನೊಬ್ಬನನ್ನು ಇಟ್ಟರು. ಇನ್ನೊಬ್ಬನ ಕೈಯೂ ಹಾಗೆಯೇ ಇತ್ತು. ಊರಿನ ಗಂಡಸರು ಹೆಂಡಿರ ಅಡಿಗೆಯನ್ನು ಹಳಿಯುವುದನ್ನು ಬಿಟ್ಟರು. ಯಾರ ಮನೆಗೆ ಹೋದರೂ ಒಂದೇ ರುಚಿ.

ಕೇತಣ್ಣನ ಮನೆಯಲ್ಲಿ ಎಂಬತ್ತು ದಾಟಿದ ತಾಯಿ ಇದ್ದಳು. ಬೀದಿಯವರು ಅವಳನ್ನು ಚೆಲುವಜ್ಜಿ ಎನ್ನುತ್ತಿದ್ದರು. ಅವಳ ಊಟವೆಂದರೆ ಎರಡು ಹೊತ್ತು ಗಂಜಿ, ಅದಕ್ಕೊಂದು ಚಿಟಿಕೆ ಉಪ್ಪು. ಉಪ್ಪು ಕಡಿಮೆಯಾದಂತೆ ಗಂಜಿಯೂ ಕಡಿಮೆಯಾಯಿತು. ಎರಡು ತುತ್ತು ಕುಡಿದು ಬಟ್ಟಲು ಸರಿಸುತ್ತಿದ್ದಳು.

"ಇನ್ನೆರಡು ಗುಟುಕು ಕುಡಿ ಅವ್ವಾ" ಎನ್ನುತ್ತಿದ್ದ ಕೇತಣ್ಣ.

"ಹಲ್ಲು ಹೋಯಿತು, ಕಣ್ಣು ಹೋಯಿತು, ನಾಲಿಗೆ ಒಂದು ಉಳಿದಿತ್ತು" ಎನ್ನುತ್ತಿದ್ದಳು ಅವಳು. "ಅದರ ಕೆಲಸವನ್ನೂ ಬಿಡಿಸಿದಿರಿ."

ಆಶ್ವಯುಜ ಮಾಸವೆಲ್ಲ ಪತ್ರಗಳಲ್ಲಿ ಕಳೆಯಿತು. ಕೇತಣ್ಣ ನಾಲ್ಕು ಕೋಟೆಗಳಿಗೂ ಬರೆದ. ನಾಲ್ಕು ಕೋಟೆಗಳಿಂದಲೂ ಉತ್ತರ ಬಂತು. ದಾರಿ ತೆರೆಯಲೇಬೇಕು ಎಂದು ಎಲ್ಲರೂ ಒಪ್ಪಿದ್ದರು. ಕೊನೆಗೆ ಕಾರ್ತೀಕದಲ್ಲಿ ಐದು ಸೀಮೆಗಳ ಗಡಿ ಕೂಡುವ ಕಡೆ ಇದ್ದ ಕಲ್ಲು ಮಂಟಪದಲ್ಲಿ ರಾಯಭಾರಿಗಳ ಸಭೆ ಎಂದು ನಿಗದಿಯಾಯಿತು. ಅಂಕನಾಡಿಗೆ ಬೇರೆ ರಾಯಭಾರಿ ಇರಲಿಲ್ಲ. ಕೇತಣ್ಣನೇ ಹೊರಟ.

ಹೊರಡುವಾಗ ಚೆಲುವಜ್ಜಿ ಉಪ್ಪಿನ ಮರಿಗೆಯ ತಳವನ್ನು ಕೈಯಿಂದ ಕೆರೆದು, ಸಿಕ್ಕ ಚೂರು ಉಪ್ಪನ್ನು ಬಟ್ಟೆಯ ತುಂಡಿನಲ್ಲಿ ಗಂಟು ಹಾಕಿ ಅವನ ಸೊಂಟಕ್ಕೆ ಸಿಕ್ಕಿಸಿದಳು. "ಸಪ್ಪೆ ಉಂಡವನ ಮಾತು ಸಪ್ಪೆಯಾಗುತ್ತದೆ. ಸಭೆಯಲ್ಲಿ ಗಟ್ಟಿಯಾಗಿ ಮಾತಾಡು" ಎಂದಳು.

ದೊರೆಯೂ ಬುದ್ಧಿ ಹೇಳಿದ. "ಯಾರು ಏನು ಕೊಡುತ್ತೇವೆಂದರೂ ಅದಕ್ಕಿಂತ ಒಂದು ಕೈ ಮೇಲೆ ಹೇಳು. ನಮ್ಮ ಸೀಮೆ ಚಿಕ್ಕದು. ಮಾತಿನಲ್ಲೂ ಚಿಕ್ಕವರಾಗಬಾರದು."

"ಹೇಳಿದ ಮೇಲೆ ಕೊಡಬೇಕಾಗುತ್ತದಲ್ಲ, ಬುದ್ಧಿ?"

"ಅವರು ಕೊಟ್ಟಾಗ ನೋಡೋಣ."

ಸಭೆಯ ಮೊದಲ ದಿನ ಕುಳಿತುಕೊಳ್ಳುವ ವಿಚಾರ ಬಂತು. ಐವರೂ ಪೂರ್ವಕ್ಕೆ ಮುಖ ಮಾಡಿಯೇ ಕೂರಬೇಕೆಂದರು. ಬೇರೆ ದಿಕ್ಕಿಗೆ ಕೂತರೆ ಅವರವರ ದೊರೆಯ ಮರ್ಯಾದೆಗೆ ಕುಂದು. ಆದ್ದರಿಂದ ಐವರನ್ನೂ ಒಂದೇ ಸಾಲಿನಲ್ಲಿ ಪೂರ್ವಕ್ಕೆ ಮುಖ ಮಾಡಿಸಿ ಕೂರಿಸಿದರು. ಈ ತುದಿಯವನು ಮಾತಾಡಿದರೆ ಆ ತುದಿಯವನು ಕತ್ತು ಚಾಚಿ ನೋಡಬೇಕು. ಮೂರನೆಯ ದಿನಕ್ಕೆ ಐವರ ಕತ್ತೂ ಹಿಡಿದುಕೊಂಡಿತು. ಆ ದಿನ ಸಭೆಯ ಬದಲು ಎಣ್ಣೆ ನೀವಿಸಿಕೊಂಡರು.

ಊಟದ ಏರ್ಪಾಡು ಹಿರಿಗೋಡಿನವರದು. ಹದಿನೆಂಟು ಬಗೆ ಬಡಿಸಿದರು. ಹದಿನೆಂಟೂ ಸಪ್ಪೆ. ಹಾಗೆಂದು ಹೇಳಿದರೆ ಹಿರಿಗೋಡಿಗೆ ಅವಮಾನ. ಎಲ್ಲರೂ ಬಹಳ ಸೊಗಸಾಗಿದೆ ಎಂದರು. ಕೇತಣ್ಣ ಕೆಮ್ಮು ಬಂದವನಂತೆ ಪಕ್ಕಕ್ಕೆ ತಿರುಗಿ, ಸೊಂಟದ ಗಂಟಿನಿಂದ ನಾಲ್ಕು ಹರಳು ತೆಗೆದು ಅನ್ನಕ್ಕೆ ಉದುರಿಸಿದ. ಇತ್ತ ತಿರುಗಿ ನೋಡಿದರೆ ಸಾಲಿನಲ್ಲಿ ಎಲ್ಲರಿಗೂ ಕೆಮ್ಮು ಬಂದಿತ್ತು. ಅವರೆಲ್ಲರ ಗಂಟು ತನ್ನದಕ್ಕಿಂತ ದೊಡ್ಡದಾಗಿರುವುದನ್ನು ಅವನು ಕಂಡ. ತುತ್ತು ಬಾಯಿಗೆ ಹೋಗುವಾಗ ತಾಯಿ ಮರಿಗೆ ಕೆರೆದ ಸದ್ದು ಕಿವಿಗೆ ಬಂದಂತಾಯಿತು. ಆದರೂ ಉಂಡ. ಬಹಳ ರುಚಿಯಾಗಿತ್ತು. ಅದೇ ಅವನಿಗೆ ಕಷ್ಟವಾದದ್ದು.

ಮಾತು ಆಳುಗಳ ಲೆಕ್ಕಕ್ಕೆ ಬಂತು. ಹಿರಿಗೋಡಿನ ರಾಯಭಾರಿ ನೂರು ಆಳು ಎಂದ. ಬೆಣಚೂರಿನವನು ನೂರೈವತ್ತು ಎಂದ. ತೊರೆನಾಡಿನವನು ಇನ್ನೂರು, ಮುತ್ತಿಗೆಯವನು ಮುನ್ನೂರು. ಕೊನೆಗೆ ಕೇತಣ್ಣನ ಸರದಿ. ದೊರೆಯ ಮಾತು ನೆನಪಾಯಿತು. "ಅಂಕನಾಡಿನಿಂದ ಐನೂರು" ಎಂದ. ಹೆಂಗಸರು, ಮಕ್ಕಳು, ಮುದುಕರನ್ನು ಸೇರಿಸಿದರೂ ಅಂಕನಾಡಿನಲ್ಲಿ ಐನೂರು ಜನ ಇರಲಿಲ್ಲ. ಎಲ್ಲರೂ ಭಲೇ ಎಂದರು. ಎಲ್ಲಿಂದ ತರುತ್ತೀರಿ ಎಂದು ಒಬ್ಬರೂ ಕೇಳಲಿಲ್ಲ. ಕೇಳಿದವನನ್ನು ಇನ್ನೊಬ್ಬ ಕೇಳಿಯಾನು.

ಒಡಂಬಡಿಕೆ ಬರೆಯುವ ಕೆಲಸವನ್ನು ಕೇತಣ್ಣನಿಗೇ ಕೊಟ್ಟರು. ಅಷ್ಟು ಚೆಂದದ ಬರವಣಿಗೆ ಮತ್ತೆ ಯಾರದು? ಮಾರ್ಗಶಿರ ಶುದ್ಧ ದಶಮಿಯ ದಿನ ಐದು ಸೀಮೆಯವರೂ ಕಣಿವೆಗೆ ಬಂದು ದಾರಿ ತೆರೆಯತಕ್ಕದ್ದು ಎಂದು ಬರೆದ. ಬೆಣಚೂರಿನವನು, "ಯಥಾಶಕ್ತಿ ಎಂದು ಸೇರಿಸಿ" ಎಂದ. ಸೇರಿಸಿದ. ಹಿರಿಗೋಡಿನವನು ಇನ್ನೊಂದು ಮಾತು ಸೇರಿಸಬೇಕೆಂದ: "ಇತರ ನಾಲ್ವರೂ ಬಂದುದನ್ನು ಕಣ್ಣಾರೆ ಕಂಡ ಮೇಲೆ ತಾನೂ ಬರತಕ್ಕದ್ದು." ಅದು ಎಲ್ಲರಿಗೂ ಹಿಡಿಸಿತು. ತಮ್ಮ ತಮ್ಮ ದೊರೆಯ ಹೆಸರಿನ ಕೆಳಗೂ ಇದೇ ಮಾತು ಇರಲಿ ಎಂದರು.

ಬರೆಯುತ್ತಿದ್ದ ಕೇತಣ್ಣನ ಲೇಖನಿ ನಿಂತಿತು. ಐವರೂ ಉಳಿದ ನಾಲ್ವರ ಹಿಂದೆ ಬರುವುದಾದರೆ ಮುಂದೆ ಬರುವವರು ಯಾರು? ಅವನು ತಲೆಯೆತ್ತಿದ. ನಾಲ್ವರೂ ಹಿಡಿದುಕೊಂಡ ಕತ್ತನ್ನು ಕಷ್ಟಪಟ್ಟು ತಿರುಗಿಸಿ ಅವನನ್ನೇ ನೋಡುತ್ತಿದ್ದರು. ಅವರಿಗೂ ಅದು ಗೊತ್ತಿದೆ ಎಂದು ಅವನಿಗೆ ತಿಳಿಯಿತು. ತನಗೆ ತಿಳಿಯಿತೆಂದು ಅವರಿಗೂ ತಿಳಿಯಿತು. ಕೇತಣ್ಣ ಲೇಖನಿಯನ್ನು ಮಸಿಯಲ್ಲಿ ಅದ್ದಿ ಮುಂದೆ ಬರೆದ. ಐದು ಸಲ ಬರೆದ. ಐದು ಸಲವೂ ಅಕ್ಷರ ಮುತ್ತಿನಂತೆ ಬಂತು.

ಊರಿಗೆ ಬಂದಾಗ ದೊರೆ ಶಾಲು ಹೊದಿಸಿದ. ಮನೆಗೆ ಬಂದಾಗ ತಾಯಿ ಕೇಳಿದಳು: "ದಾರಿಗೆ ಏನು ಮಾಡಿದಿರಿ?"

"ದಶಮಿಯ ದಿನ ಎಲ್ಲರೂ ಬಂದು ತೆರೆಯುತ್ತಾರೆಂದು ಬರೆದಿದೆ ಅವ್ವಾ."

"ಯಾರು ಬರೆದದ್ದು?"

"ನಾನೇ."

"ಹಾಗಾದರೆ ಆಯಿತು" ಎಂದಳು ಚೆಲುವಜ್ಜಿ. ಅವಳಿಗೆ ಅಕ್ಷರ ಬರುತ್ತಿರಲಿಲ್ಲ. ಬರೆದದ್ದು ಆಗುತ್ತದೆ ಎಂದು ನಂಬಿದ್ದಳು. ಬೀದಿಯ ಹೆಂಗಸರಿಗೆಲ್ಲ ಹೇಳಿದಳು: "ದಶಮಿಗೆ ಉಪ್ಪು ಬರುತ್ತದೆ. ನನ್ನ ಮಗ ಬರೆದಿಟ್ಟಿದ್ದಾನೆ." ಅವರಿಗೂ ಅಕ್ಷರ ಬರುತ್ತಿರಲಿಲ್ಲ.

ದಶಮಿ ಬಂತು. ಬೆಳಗ್ಗೆ ಕೇತಣ್ಣ ಬಾಗಿಲು ತೆಗೆದರೆ ಬೀದಿಯ ಹೆಂಗಸರೆಲ್ಲ ಬರಿದಾದ ಉಪ್ಪಿನ ಮರಿಗೆ ಹಿಡಿದು ಜಗಲಿಯ ತುಂಬ ಕುಳಿತಿದ್ದರು. ಅವನು ಬಾಗಿಲು ಮುಚ್ಚಿ ಹಿತ್ತಿಲ ಬೇಲಿ ಹಾರಿ ಅರಮನೆಗೆ ಓಡಿದ.

"ಇವತ್ತು ದಶಮಿ, ಬುದ್ಧಿ."

"ಅವರು ಬಂದರೇ?"

"ಹೋಗಿ ನೋಡಿದರಲ್ಲವೇ ಗೊತ್ತಾಗುವುದು?"

"ಹೋಗಿ ನೋಡಿಕೊಂಡು ಬಾ. ನಮ್ಮವನೆಂದು ಕಾಣಿಸಿಕೊಳ್ಳಬೇಡ. ವೇಷ ಮರೆಸಿ ಹೋಗು."

ಕೇತಣ್ಣನಿಗೆ ಮನೆಗೆ ಹೋಗುವ ಧೈರ್ಯ ಇರಲಿಲ್ಲ. ಆದ್ದರಿಂದ ಕಣಿವೆಗೆ ಹೋದ. ಅರಮನೆಯ ತೋಟದವನಿಂದ ಹರಕು ಪಂಚೆ, ಒಂದು ಗುದ್ದಲಿ, ಒಂದು ಮಂಕರಿ ಕೇಳಿ ಪಡೆದಿದ್ದ. ಅದು ಕೂಲಿಯವನ ವೇಷ.

ಬಿಸಿಲು ಏರುವ ಹೊತ್ತಿಗೆ ಕಣಿವೆ ತಲುಪಿದ. ಆಳು ಒಬ್ಬನೂ ಇರಲಿಲ್ಲ. ಜರಿದ ಗುಡ್ಡ ಹಾಗೆಯೇ ಬಿದ್ದಿತ್ತು. ಅದರ ಮೇಲೆ ಆಗಲೇ ಗಿಡ ಚಿಗುರಿದ್ದವು. ಆದರೆ ಸ್ಥಳ ಖಾಲಿ ಇರಲಿಲ್ಲ. ಒಂದು ಬಂಡೆಯ ಕೆಳಗೆ ಬಳೆಗಾರನೊಬ್ಬ ಬಳೆಗಳ ಮಲಾರವನ್ನು ಬಿಚ್ಚಿ ಜೋಡಿಸಿಕೊಂಡು ಕುಳಿತಿದ್ದ. ಸುತ್ತ ಒಂದು ಗಾವುದದ ತನಕ ಹೆಣ್ಣೆಂಬುದು ಇರಲಿಲ್ಲ. ಇನ್ನೊಂದು ಕಡೆ ಬೈರಾಗಿಯೊಬ್ಬ ಜಪಮಾಲೆ ಹಿಡಿದಿದ್ದ. ಕಣ್ಣು ಮುಚ್ಚುವ ಬದಲು ನಾಲ್ಕೂ ಕಡೆ ಹೊರಳಿಸುತ್ತಿದ್ದ. ಅತ್ತ ಒಬ್ಬ ಕುರಿಗಾಹಿ, ಅವನಿಗೆ ಒಂದೇ ಕುರಿ. ಇತ್ತ ನಾರುಬೇರಿನ ವೈದ್ಯ. ಅವನು ಗಂಟು ಬಿಚ್ಚಿ ಕಾಡಿನ ಬೇರುಗಳನ್ನು ಕಾಡಿನಲ್ಲೇ ಮಾರಲು ಇಟ್ಟುಕೊಂಡಿದ್ದ.

ಕೇತಣ್ಣ ಅವರನ್ನು ನೋಡಿದ. ಅವರು ಕೇತಣ್ಣನನ್ನು ನೋಡಿದರು.

ಬಳೆಗಾರ ಮಲಾರ ಬಿಚ್ಚಿ ಕೂರಬಹುದು. ಬೈರಾಗಿ ಮಣಿ ಎಣಿಸಬಹುದು. ಗುದ್ದಲಿ ಹಿಡಿದವನು ಏನು ಮಾಡಬೇಕು? ಸುಮ್ಮನೆ ನಿಂತರೆ ವೇಷ ಬಯಲಾಗುತ್ತದೆ. ಕೇತಣ್ಣ ಗುದ್ದಲಿ ಎತ್ತಿ ಒಂದು ಏಟು ಹಾಕಿದ. ಎರಡು ಹಾಕಿದ. ಮಣ್ಣು ಮಂಕರಿಗೆ ತುಂಬಿ ಪಕ್ಕದ ಪ್ರಪಾತಕ್ಕೆ ಸುರಿದ. ನಲವತ್ತು ವರ್ಷ ಲೇಖನಿಗಿಂತ ಭಾರವಾದದ್ದನ್ನು ಎತ್ತದ ಕೈ. ಹತ್ತು ಮಂಕರಿಗೆ ಬೊಬ್ಬೆ ಎದ್ದಿತು. ಇಪ್ಪತ್ತಕ್ಕೆ ಒಡೆಯಿತು. ಅಷ್ಟರಲ್ಲಿ ಒಂದು ದೊಡ್ಡ ಕಲ್ಲು ಅಡ್ಡ ಬಂತು. ಅವನು ನೂಕಿದ. ಎಳೆದ. ಬೈದ. ಕಲ್ಲು ಅಲ್ಲಾಡಲಿಲ್ಲ. ಕಣ್ಣಿನಲ್ಲಿ ನೀರು ಬಂತು. ಸಿಟ್ಟೂ ಬಂತು.

"ಏನಯ್ಯಾ ಬಳೆಗಾರ, ಇಲ್ಲಿ ಯಾರಿಗೆ ಬಳೆ ತೊಡಿಸುತ್ತೀಯೆ? ಈ ಕಲ್ಲಿಗೋ? ಬಾ, ಆ ಕಡೆ ಹಿಡಿ!" ಎಂದು ಕೂಗಿದ.

ಬಳೆಗಾರ ಗಾಬರಿಯಾದ. ಬರದಿದ್ದರೆ ಯಾರು, ಎತ್ತ ಎಂಬ ಮಾತು ಬಂದೀತು. ಎದ್ದು ಬಂದು ಹಿಡಿದ. ಇಬ್ಬರಿಗೂ ಆಗಲಿಲ್ಲ. "ನೀನೂ ಬಾ ಸ್ವಾಮಿ" ಎಂದು ಬಳೆಗಾರನೇ ಬೈರಾಗಿಯನ್ನು ಕರೆದ. ಬೈರಾಗಿ ಶಿವಶಿವಾ ಎನ್ನುತ್ತ ಬಂದ. ವೈದ್ಯ ತಾನಾಗಿಯೇ ಬಂದ; ಒಬ್ಬನೇ ಉಳಿದರೆ ಚೆನ್ನಾಗಿ ಕಾಣುವುದಿಲ್ಲ ಎಂದು. ಕುರಿಗಾಹಿ ಕುರಿಯನ್ನು ಗಿಡಕ್ಕೆ ಕಟ್ಟಿ ಬಂದ. ಐವರೂ ಒಂದಾಗಿ ನೂಕಿದಾಗ ಕಲ್ಲು ಉರುಳಿ ಪ್ರಪಾತಕ್ಕೆ ಬಿತ್ತು. ಅದು ಬಿದ್ದ ಸದ್ದು ಬಹಳ ಹೊತ್ತು ಕೇಳಿಸಿತು. ಐವರೂ ಬಾಯಿ ಬಿಟ್ಟು ನಕ್ಕರು.

ಒಂದು ಕಲ್ಲು ಹೋದ ಮೇಲೆ ಅದರ ಹಿಂದಿನ ಕಲ್ಲು ಕಣ್ಣಿಗೆ ಬೀಳುತ್ತದೆ. ಮಧ್ಯಾಹ್ನದ ತನಕ ಐವರೂ ನಿಲ್ಲಲಿಲ್ಲ.

ಊಟಕ್ಕೆ ಕುಳಿತಾಗ ಬುತ್ತಿಗಳು ಬಿಚ್ಚಿಕೊಂಡವು. ಎಲ್ಲ ಬುತ್ತಿಯೂ ಸಪ್ಪೆ. ಬೈರಾಗಿ ತಲೆಗೆ ಕೈ ಹಾಕಿದ. ಜಟೆಯ ಒಳಗಿಂದ ಸಣ್ಣದೊಂದು ಪೊಟ್ಟಣ ತೆಗೆದ. ಉಪ್ಪು. ಅದನ್ನು ಐದು ಪಾಲು ಮಾಡಿ ಐವರ ಎಲೆಗೂ ಹಾಕಿದ.

"ಸ್ವಾಮಿಗಳು ಯಾವ ಸೀಮೆಯವರು?" ಎಂದು ಕೇತಣ್ಣ ಕೇಳಿದ.

"ತೊರೆನಾಡು" ಎಂದ ಬೈರಾಗಿ. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ. ಆದರೆ ಉಪ್ಪು ಕೊಟ್ಟವನ ಮುಂದೆ ಸುಳ್ಳು ಹೇಳಲು ಯಾರಿಗೂ ಮನಸ್ಸಾಗಲಿಲ್ಲ. ಬಳೆಗಾರ ಹಿರಿಗೋಡಿನವನು. ಕುರಿಗಾಹಿ ಬೆಣಚೂರಿನವನು. ವೈದ್ಯ ಮುತ್ತಿಗೆಯವನು. ಐವರನ್ನೂ ಕಳಿಸಿದ ಮಾತು ಒಂದೇ: ಉಳಿದವರು ಬಂದಿದ್ದಾರೆಯೋ ನೋಡಿಕೊಂಡು ಬಾ.

ಹೊತ್ತು ಇಳಿಯುವಾಗ ಒಂದು ಎತ್ತು ನಿಲ್ಲುವಷ್ಟು ಜಾಗ ತೆರವಾಗಿತ್ತು. ಇನ್ನು ಸಾವಿರ ಎತ್ತು ನಿಲ್ಲುವಷ್ಟು ಉಳಿದಿತ್ತು.

ಬಳೆಗಾರ ಮಲಾರ ಕಟ್ಟುತ್ತ ಕೇಳಿದ: "ಹೋಗಿ ದೊರೆಗೆ ಏನು ಹೇಳಲಿ? ಆಳು ಯಾರೂ ಬಂದಿಲ್ಲ ಎಂದರೆ ಅಲ್ಲಿಗೆ ಮುಗಿಯಿತು. ಸುಳ್ಳು ಹೇಳಿದರೆ ತಲೆ ಹೋಗುತ್ತದೆ."

ಕೇತಣ್ಣ ನಲವತ್ತು ವರ್ಷ ಮಾತು ಜೋಡಿಸಿದವನು. ತನ್ನ ಕೈಯ ಬೊಬ್ಬೆಗಳನ್ನು ನೋಡಿಕೊಂಡು ಹೇಳಿದ: "ಸುಳ್ಳು ಯಾಕೆ? ಕಣ್ಣಾರೆ ಕಂಡದ್ದನ್ನು ಹೇಳು. ಉಳಿದ ನಾಲ್ಕು ಸೀಮೆಯವರೂ ಬಂದು ಅಗೆಯುತ್ತಿದ್ದಾರೆ."

ಬಳೆಗಾರ ಬೆರಳು ಮಡಚಿ ಎಣಿಸಿದ. ತನ್ನನ್ನು ಬಿಟ್ಟು ನಾಲ್ವರು. ನಾಲ್ಕು ಸೀಮೆ. ಬೈರಾಗಿಯೂ ಎಣಿಸಿದ. ಅವನಿಗೂ ನಾಲ್ಕೇ ಬಂತು. ಕುರಿಗಾಹಿ ಎರಡು ಸಲ ಎಣಿಸಿ, ಕುರಿಯನ್ನು ಬಿಚ್ಚಿಕೊಂಡು ಹೊರಟ.

ಮರುದಿನ ಬೆಳಗ್ಗೆ ಕೇತಣ್ಣ ದೊರೆಯ ಮುಂದೆ ನಿಂತ.

"ಬಂದಿದ್ದಾರೆಯೇ?"

"ನಾಲ್ಕು ಸೀಮೆಯವರೂ ಬಂದಿದ್ದಾರೆ, ಬುದ್ಧಿ. ಅಗೆಯುತ್ತಿದ್ದಾರೆ."

ದೊರೆ ಪೀಠದಿಂದ ಎದ್ದ. "ಕಣ್ಣಾರೆ ಕಂಡೆಯಾ?"

"ಕಣ್ಣಾರೆ ಕಂಡೆ. ಅವರ ಕೈಯ ಬೊಬ್ಬೆಗಳನ್ನೂ ಕಂಡೆ."

"ಕೆಟ್ಟೆವು!" ಎಂದ ದೊರೆ. "ನಾಲ್ವರೂ ಸೇರಿ ದಾರಿ ತೆರೆದು, ನಮಗೊಬ್ಬರಿಗೆ ಅಗಳಿ ಹಾಕುತ್ತಾರೆ! ನಾವು ಮಾತು ತಪ್ಪಿದವರೆಂದು ಊರೂರಲ್ಲಿ ಸಾರುತ್ತಾರೆ! ಇರುವ ಆಳನ್ನೆಲ್ಲ ಕಳಿಸು! ಆನೆಯನ್ನೂ ಕಳಿಸು!"

ಎಷ್ಟು ಜನ ಬಂದಿದ್ದಾರೆ ಎಂದು ದೊರೆ ಕೇಳಲಿಲ್ಲ. ಕೇಳಿದ್ದರೆ ಕೇತಣ್ಣ ನಿಜವನ್ನೇ ಹೇಳುತ್ತಿದ್ದ.

ಇರುವ ಆಳು ನಲವತ್ತು. ನಲವತ್ತು ಜನರೂ ಹೊರಟರು. ಉಳಿದ ನಾಲ್ಕು ಕೋಟೆಗಳಲ್ಲೂ ದೊರೆಗಳು ಹಾಗೆಯೇ ಪೀಠದಿಂದ ಎದ್ದಿದ್ದರು. ಮೂರನೆಯ ದಿನ ಕಣಿವೆಯಲ್ಲಿ ಕಾಲಿಡಲು ಜಾಗ ಇರಲಿಲ್ಲ. ಒಂದೊಂದು ಸೀಮೆಯವರೂ ಬಂದು ಉಳಿದವರನ್ನು ನೋಡಿ, "ನಮಗಿಂತ ಮೊದಲೇ ಬಂದುಬಿಟ್ಟಿದ್ದಾರೆ" ಎಂದು ನಾಚಿಕೊಂಡು, ಆ ನಾಚಿಕೆಯನ್ನು ಮರೆಸಲು ಇನ್ನೂ ಜೋರಾಗಿ ಅಗೆದರು. ಹಿರಿಗೋಡಿನ ದೊರೆ ತಾನೇ ಬಂದು ಒಂದು ಮಂಕರಿ ಮಣ್ಣು ಹೊತ್ತ. ಅದಕ್ಕೆ ಮುಂದೆ ಕಹಳೆ, ಹಿಂದೆ ನಗಾರಿ. ಅಂಕನಾಡಿನ ಮುದಿ ಆನೆ ದಾರಿಯ ನಡುವೆ ಕುಳಿತುಬಿಟ್ಟಿತು. ಅರ್ಧ ದಿನ ಅದೇ ಇನ್ನೊಂದು ಗುಡ್ಡವಾಯಿತು. ಕೊನೆಗೆ ಐದು ಸೀಮೆಯವರೂ ಸೇರಿ ಅದನ್ನು ಎಬ್ಬಿಸಿದರು.

ಹನ್ನೊಂದನೆಯ ದಿನ ಉಪ್ಪಿನ ಎತ್ತುಗಳು ಗಂಟೆ ಅಲ್ಲಾಡಿಸುತ್ತ ಮೇಲೆ ಬಂದವು.

ಕೇತಣ್ಣ ಉಪ್ಪು ತಂದು ತಾಯಿಯ ಗಂಜಿಗೆ ಹಾಕಿದ. ಮೂರು ತಿಂಗಳ ಬಾಕಿಯೆಲ್ಲ ಒಂದೇ ಸಲ ತೀರಲೆಂದು ಕೈ ತುಂಬ ಹಾಕಿದ. ಚೆಲುವಜ್ಜಿ ಒಂದು ಗುಟುಕು ಕುಡಿದು ಮುಖ ಕಿವುಚಿದಳು. "ಉಪ್ಪು ಹೆಚ್ಚಾಯಿತು" ಎಂದಳು. ಆದರೂ ಬಟ್ಟಲು ಸರಿಸಲಿಲ್ಲ. ಕುಡಿದು ಮುಗಿಸಿ ಬೀದಿಯ ಹೆಂಗಸರನ್ನು ಕೂಗಿ ಹೇಳಿದಳು: "ನಾನು ಹೇಳಲಿಲ್ಲವೇ? ಹತ್ತು ದಿನ ಹಿಂದೆಮುಂದೆ ಆಯಿತು. ಬರೆದದ್ದು ಆಗದೆ ಇರುತ್ತದೆಯೇ?"

ಕೇತಣ್ಣನಿಗೆ ನಿಜ ಹೇಳಬೇಕೆನಿಸಿತು. ತಾಯಿಯ ಗಲ್ಲ ಬಹಳ ದಿನಗಳ ಮೇಲೆ ಕೆಂಪಾಗಿತ್ತು. ಖಾಲಿ ಬಟ್ಟಲನ್ನು ಎತ್ತಿಟ್ಟ. ಆ ದಿನ ಅವನು ಬಟ್ಟೆ ಸುತ್ತಿದ ಕೈಯಿಂದಲೇ ಉಂಡ.

ಕಣಿವೆಯಲ್ಲಿ ಶಾಸನದ ಕಲ್ಲು ನಿಲ್ಲಿಸಬೇಕೆಂದಾಯಿತು. ಮೊದಲು ಬಂದವರು ಯಾರು ಎಂದು ಜಗಳ ಹತ್ತಿತು. ಒಳಗೊಳಗೆ ಐವರು ದೊರೆಗಳೂ ತಾನೇ ಕೊನೆಯಲ್ಲಿ ಬಂದವನೆಂದು ತಿಳಿದಿದ್ದರು. ಆದ್ದರಿಂದ ಐವರೂ ತಾನೇ ಮೊದಲು ಎಂದು ಗಟ್ಟಿಯಾಗಿ ಹೇಳಿದರು. ಕೊನೆಗೆ ಐದು ಕಲ್ಲು ನಿಂತವು. ಐದರಲ್ಲೂ ಮೊದಲು ಬಂದವರು ನಾವು ಎಂದಿದೆ. ಉಪ್ಪಿನ ಎತ್ತುಗಳು ಅವುಗಳಿಗೆ ಮೈ ಉಜ್ಜಿಕೊಂಡು ಹೋಗುತ್ತಿದ್ದವು.

ಮರುವರ್ಷ ಮಳೆಗಾಲ ಮುಗಿದ ಮೇಲೆ ದಾರಿಯನ್ನು ವರ್ಷವರ್ಷವೂ ಸರಿಪಡಿಸಬೇಕೆಂದು ಮತ್ತೆ ಸಭೆ ಸೇರಿತು. ಕೇತಣ್ಣನಿಗೆ ಬರೆಯಲು ಹೇಳಿದರು. ಅವನು ಒಂದೇ ಸಾಲು ಬರೆದು ಲೇಖನಿ ಕೆಳಗಿಟ್ಟ: "ದಶಮಿಯ ದಿನ ಅಂಕನಾಡಿನ ನಲವತ್ತು ಜನ ಗುದ್ದಲಿ ಸಮೇತ ಬರುತ್ತಾರೆ."

ಹಿರಿಗೋಡಿನ ರಾಯಭಾರಿ ಓದಿದ. "ಉಳಿದವರು ಬಂದ ಮೇಲೆ ಎಂಬ ಮಾತು ಬಿಟ್ಟುಹೋಗಿದೆ."

"ಬಿಟ್ಟುಹೋಗಿಲ್ಲ, ಬಿಟ್ಟಿದ್ದೇನೆ."

"ಉಳಿದವರು ಬರದೆ ಇದ್ದರೆ?"

"ನಾವು ಬಂದಿರುತ್ತೇವೆ."

"ಇದಕ್ಕೆ ನಿಮ್ಮ ದೊರೆ ಒಪ್ಪಿದರೇ?"

"ಕಾಗದದಲ್ಲಿ ನಮ್ಮ ಹೆಸರೇ ಮೊದಲು ಬರುತ್ತದೆ ಎಂದೆ. ಕೂಡಲೇ ಒಪ್ಪಿದರು" ಎಂದ ಕೇತಣ್ಣ. ಕಾಗದದ ಉಳಿದ ಜಾಗವನ್ನು ಖಾಲಿ ಬಿಟ್ಟು ಅವರ ಮುಂದೆ ತಳ್ಳಿದ.

ನಾಲ್ವರೂ ಆ ಖಾಲಿ ಜಾಗವನ್ನು ಬಹಳ ಹೊತ್ತು ನೋಡಿದರು. ತೊರೆನಾಡಿನವನು ಲೇಖನಿ ತೆಗೆದುಕೊಂಡು ಮೂವತ್ತು ಎಂದು ಬರೆದ. ಹಿರಿಗೋಡಿನವನು ಅಂಕನಾಡಿಗಿಂತ ಕಡಿಮೆ ಬರೆಯಲಾರದೆ, ಹೆಚ್ಚು ಬರೆಯಲು ಹೆದರಿ, ಬೆವರಿ, ಐವತ್ತು ಬರೆದ. ಮುತ್ತಿಗೆಯವನು ಊರಿಗೆ ಹೋಗಿ ಎಣಿಸಿಕೊಂಡು ಬಂದು ಬರೆದ. ಬೆಣಚೂರಿನವನು ಅರವತ್ತು ಎಂದು ಬರೆದು, ಮೂಲೆಯಲ್ಲಿ ಇರುವೆಯಷ್ಟು ಸಣ್ಣ ಅಕ್ಷರದಲ್ಲಿ ಯಥಾಶಕ್ತಿ ಎಂದು ಸೇರಿಸಿದ.

ದಶಮಿಯ ದಿನ ನಾಲ್ಕು ಸೀಮೆಯವರು ಬಂದರು. ಬೆಣಚೂರಿನವರು ಬರಲಿಲ್ಲ. ಬಂದವರು ಅಗೆಯುತ್ತಲೇ ಇದ್ದರು. ಎರಡು ದಿನ ಬಿಟ್ಟು ಬೆಣಚೂರಿನವರೂ ಬಂದು, ಯಾರ ಮುಖವನ್ನೂ ನೋಡದೆ, ಎಲ್ಲರಿಗಿಂತ ಗಟ್ಟಿ ಕಡೆಯನ್ನು ಹಿಡಿದು ಅಗೆದರು.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯ ತಲೆದೂಗಿದ. "ಅರ್ಥವಾಯಿತು ಗುರುಗಳೇ. ಯಾರಾದರೂ ಒಬ್ಬರು ಮೊದಲು ಹೊರಡಬೇಕು. ಆದರೆ ಈಗ ಇಷ್ಟೊಂದು ದೇಶಗಳಿವೆ. ದೊಡ್ಡದಿದೆ, ಚಿಕ್ಕದಿದೆ, ಬಲವಾದದ್ದಿದೆ, ಬಡವಾದದ್ದಿದೆ. ಇವುಗಳಲ್ಲಿ ಮೊದಲು ಹೊರಡಬೇಕಾದದ್ದು ಯಾವುದು?"

"ಮೂರು ತಿಂಗಳು ಸಪ್ಪೆ ಉಣ್ಣುತ್ತ ಐವರು ದೊರೆಗಳೂ ಕೇಳಿದ್ದು ಇದನ್ನೇ" ಎಂದರು ಗುರುಗಳು.